ಬೇಡ ಅಂದವರ ಕೈಗೇ ಕಂಪೈಲರ್ ಕೊಟ್ಟ ಗ್ರೇಸ್ ಹಾಪರ್

ಫಸ್ಟ್ ಸೆಮ್‌ನ ಸಿ ಲ್ಯಾಬ್ ನಮಗೆಲ್ಲ ಚೆನ್ನಾಗಿ ನೆನಪಿದೆ. ಒಂದೇ ಒಂದು ಸೆಮಿಕೋಲನ್ ಬಿಟ್ಟುಹೋಗಿ ಸ್ಕ್ರೀನ್ ತುಂಬ ಎರರ್ ಬಂದು, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬೆನ್ನ ಹಿಂದೆ ಬಂದು ನಿಂತು, ಕೈ ಬೆವರಿ, ಬರೆದದ್ದೆಲ್ಲ ಮರೆತುಹೋಗಿ... ಆ ಮೂರು ಗಂಟೆಯಲ್ಲಿ ನಾವು ಕಂಪೈಲರ್‌ಗೆ ಬೈದಷ್ಟು ಬೇರೆ ಯಾರಿಗೂ ಬೈದಿಲ್ಲ. ಆದರೆ ಅದನ್ನು ಮೊದಲು ಮಾಡಿದವರು ಯಾರು, ಅದು ಇಲ್ಲದಿದ್ದಾಗ ಜನ ಏನು ಮಾಡ್ತಿದ್ದರು ಅನ್ನೋ ಪ್ರಶ್ನೆ ನಮ್ಮ ತಲೆಗೆ ಬಂದಿರಲೇ ಇಲ್ಲ. ಫ್ಯಾನು, ಟ್ಯೂಬ್‌ಲೈಟ್ ಥರ ಕಂಪೈಲರ್ ಕೂಡ ಲ್ಯಾಬ್‌ನಲ್ಲಿ ಮೊದಲಿಂದಲೂ ಇತ್ತು ಅಂದುಕೊಂಡಿದ್ವಿ.

ಇರಲಿಲ್ಲ. ಅದು ಬಂದಾಗ ಅದನ್ನು ಬೇಡ ಅಂದವರು ಕಂಪ್ಯೂಟರ್ ಗೊತ್ತಿಲ್ಲದ ಹಳೆಕಾಲದವರೂ ಅಲ್ಲ. ಆ ಕಾಲದಲ್ಲಿ ಕಂಪ್ಯೂಟರ್ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದ ಪ್ರೋಗ್ರಾಮರ್‌ಗಳೇ ಬೇಡ ಅಂದರು. ಅವರನ್ನು ಒಪ್ಪಿಸೋಕೆ ಒಬ್ಬ ಹೆಂಗಸು ಸುಮಾರು ಹತ್ತು ವರ್ಷ ಓಡಾಡಿದರು. ಅವರ ಹೆಸರು ಗ್ರೇಸ್ ಹಾಪರ್. ಈ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ಎನ್ವಿಡಿಯಾ ಚಿಪ್ ನೆನಪಾಗುತ್ತೆ, ಹಾಪರ್ ಅನ್ನೋ ಜಿಪಿಯು, ಗ್ರೇಸ್ ಅನ್ನೋ ಸಿಪಿಯು. ಎರಡಕ್ಕೂ ಹೆಸರು ಬಂದದ್ದು ಇವರಿಂದಲೇ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಮೂರು ಮಕ್ಕಳಲ್ಲಿ ದೊಡ್ಡವರು. ಅಪ್ಪ ವಿಮೆ ವ್ಯವಹಾರದಲ್ಲಿದ್ದರು. ಕಾಯಿಲೆಯಿಂದ ಅವರು ಎರಡೂ ಕಾಲು ಕಳಕೊಂಡಿದ್ದರು. ನಾಳೆ ನಾನು ಇಲ್ಲದಿದ್ದರೂ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು, ಮಗನಿಗೆ ಸಿಗೋ ಓದು ಅವರಿಗೂ ಸಿಗಬೇಕು ಅನ್ನೋದು ಅವರ ಹಟ. ಏಳು ವರ್ಷದ ಗ್ರೇಸ್ ಅಲಾರಂ ಗಡಿಯಾರ ಹೇಗೆ ಹೊಡೆಯುತ್ತೆ ಅಂತ ನೋಡೋಕೆ ಒಂದನ್ನು ಬಿಚ್ಚಿದರು. ವಾಪಸ್ ಜೋಡಿಸೋಕೆ ಬರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳೋಕೆ ಇನ್ನೊಂದು ಬಿಚ್ಚಿದರು. ಹಾಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಆದವು. ಅಮ್ಮ ಹೊಡೆಯಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ನಿನಗೆ ಅಂತ ಲೆಕ್ಕ ಹಾಕಿಕೊಟ್ಟರಂತೆ. ನಮ್ಮ ಮನೆಗಳಲ್ಲಿ ಆಗಿದ್ದರೆ ಏನಾಗ್ತಿತ್ತು ಅಂತ ಹೇಳೋದು ಬೇಡ ಬಿಡಿ.

ಮೊದಲ ಸಲ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಫೇಲ್. ಒಂದು ವರ್ಷ ಕಾದು ವಾಸರ್ ಕಾಲೇಜು ಸೇರಿದರು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ. ಮಧ್ಯೆ 1930ರಲ್ಲಿ ವಿನ್ಸೆಂಟ್ ಹಾಪರ್ ಜೊತೆ ಮದುವೆ. 1931ರಿಂದ ವಾಸರ್‌ನಲ್ಲೇ ಪಾಠ.

ಅವರ ಪಾಠದ ಬಗ್ಗೆ ಒಂದು ವಿಷಯ ಹೇಳಲೇಬೇಕು, ಮುಂದಿನ ಕತೆಗೆ ಅದು ಬೇಕಾಗುತ್ತೆ. ಗಣಿತದ ಕ್ಲಾಸ್‌ನಲ್ಲಿ ಒಂದು ಸೂತ್ರ ಹೇಳಿಕೊಟ್ಟು ಅದರ ಮೇಲೆ ಪ್ರಬಂಧ ಬರೆಯಿರಿ ಅಂತಿದ್ದರು. ಬರೆದದ್ದನ್ನು ಕೆಂಪು ಇಂಕಿನಲ್ಲಿ ತಿದ್ದಿ ಕೊಡ್ತಿದ್ದರು. ಹುಡುಗಿಯರು ಗಲಾಟೆ ಮಾಡ್ತಿದ್ದರು: ನಾವು ತಗೊಂಡಿದ್ದು ಗಣಿತ, ಇಂಗ್ಲಿಷ್ ಅಲ್ಲವಲ್ಲ ಅಂತ. ಬೇರೆಯವರಿಗೆ ಅರ್ಥ ಆಗೋ ಹಾಗೆ ಹೇಳೋಕೆ ಬರದಿದ್ದರೆ ಗಣಿತ ಕಲಿತು ಏನು ಪ್ರಯೋಜನ ಅನ್ನೋದು ಗ್ರೇಸ್ ಅವರ ವಾದ. ನಾವು ಲ್ಯಾಬ್ ರೆಕಾರ್ಡ್ ಬರೆಯೋ ರೀತಿ ನೋಡಿದ್ದರೆ ಎಷ್ಟು ಕೆಂಪು ಇಂಕು ಖರ್ಚಾಗ್ತಿತ್ತೋ.

ಎರಡನೇ ಮಹಾಯುದ್ಧ ಬಂತು. ಅವರ ಮುತ್ತಾತ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು, ಹಾಗಾಗಿ ಗ್ರೇಸ್‌ಗೂ ನೇವಿಗೇ ಸೇರಬೇಕು ಅನ್ನೋ ಆಸೆ. ವಯಸ್ಸು ಮೂವತ್ತಾರು ದಾಟಿದೆ, ತೂಕ ಇರಬೇಕಾದ್ದಕ್ಕಿಂತ 15 ಪೌಂಡ್ ಕಮ್ಮಿ, ಮೇಲಾಗಿ ಗಣಿತದ ಮೇಷ್ಟ್ರುಗಳು ಪಾಠ ಬಿಟ್ಟು ಹೋಗಬಾರದು ಅಂತ ಸರ್ಕಾರದ ಲೆಕ್ಕ. ಎಲ್ಲದಕ್ಕೂ ಅನುಮತಿ ಗಿಟ್ಟಿಸಿಕೊಂಡು 1943ರ ಡಿಸೆಂಬರ್‌ನಲ್ಲಿ ಸೇರಿಯೇ ಬಿಟ್ಟರು. ತರಬೇತಿಯಲ್ಲಿ ಮೊದಲ ಸ್ಥಾನ. 1944ರ ಜುಲೈನಲ್ಲಿ ಪೋಸ್ಟಿಂಗ್ ಆಗಿದ್ದು ಹಡಗಿಗಲ್ಲ, ಹಾರ್ವರ್ಡ್‌ನ ಒಂದು ನೆಲಮಾಳಿಗೆಗೆ. ಅಲ್ಲಿ ಹೋವರ್ಡ್ ಐಕನ್ ಅನ್ನೋ ಸಿಡುಕು ಸ್ವಭಾವದ ಪ್ರೊಫೆಸರ್-ಕಮಾಂಡರ್ ಕಾಯ್ತಿದ್ದರು. ಜೊತೆಗೆ 51 ಅಡಿ ಉದ್ದ, 8 ಅಡಿ ಎತ್ತರದ ಒಂದು ಯಂತ್ರ. ಅದೇ ಮಾರ್ಕ್ 1. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡ್ತಿತ್ತು. ನಮ್ಮ ಕ್ಯಾಲ್ಕ್ಯುಲೇಟರ್ ಮುಂದೆ ಅದು ಏನೇನೂ ಅಲ್ಲ, ಆದರೆ ಆಗ ಅಮೆರಿಕದಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ.

ಐಕನ್ ಮೊದಲ ದಿನವೇ ಇಷ್ಟು ದಿನ ಎಲ್ಲಿದ್ದೆ ಅಂತ ದಬಾಯಿಸಿ, ಈ ಯಂತ್ರಕ್ಕೆ ಪ್ರೋಗ್ರಾಂ ಬರೆಯೋದು ಕಲಿತು ಒಂದು ವಾರದೊಳಗೆ ಲೆಕ್ಕ ಕೊಡು ಅಂದರು. ನರೆಗೂದಲ ಟೀಚರಮ್ಮನ ಪಕ್ಕದ ಮೇಜಿನಲ್ಲಿ ಕೂರೋಕೆ ಅಲ್ಲಿದ್ದ ಹುಡುಗರು ಹಿಂದೇಟು ಹಾಕಿದ್ದರು ಅಂತ ಗ್ರೇಸ್‌ಗೆ ಆಮೇಲೆ ಗೊತ್ತಾಯ್ತು. ಸ್ವಲ್ಪ ದಿನದಲ್ಲೇ ಆ ಹುಡುಗರು ಅವರ ನೋಟ್‌ಬುಕ್‌ನಿಂದ ಕೋಡ್ ಎರವಲು ಪಡೆಯೋಕೆ ಶುರು ಮಾಡಿದರು. ಇವರೂ ಅವರ ನೋಟ್‌ಬುಕ್‌ನಿಂದ ಪಡೀತಿದ್ದರು. ಐಕನ್ ಅವರನ್ನು ಕೂರಿಸಿ ಯಂತ್ರದ ಮ್ಯಾನ್ಯುಯಲ್ ಬರೆಸಿದರು. 1946ರಲ್ಲಿ ಅಚ್ಚಾದ ಆ ಪುಸ್ತಕ ಐನೂರು ಪುಟ ದಾಟಿದೆ.

ಇಲ್ಲೊಂದು ಪತಂಗದ ಕತೆ ಬರಬೇಕು ಅಂತ ನೀವು ಕಾಯ್ತಿರಬಹುದು. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯಲ್ಲಿ ಪತಂಗ ಸಿಕ್ಕಿದ್ದು ನಿಜ, ಅದನ್ನು ಟೇಪ್ ಹಾಕಿ ಲಾಗ್‌ಬುಕ್‌ಗೆ ಅಂಟಿಸಿದ್ದೂ ನಿಜ. ಆದರೆ ಹಿಡಿದವರು ಗ್ರೇಸ್ ಅಲ್ಲ. ಬಗ್ ಅನ್ನೋ ಪದವೂ ಆಗ ಹುಟ್ಟಿದ್ದಲ್ಲ, ಎಡಿಸನ್ ಕಾಲದಿಂದಲೇ ಎಂಜಿನಿಯರ್‌ಗಳ ಬಾಯಲ್ಲಿತ್ತು. ಗ್ರೇಸ್ ಆ ಕತೆಯನ್ನು ಹೋದಲ್ಲೆಲ್ಲ ಚೆನ್ನಾಗಿ ಹೇಳ್ತಿದ್ದರು, ಅದಕ್ಕೇ ಅವರ ಹೆಸರಿಗೆ ಅಂಟಿಕೊಂಡಿತು. ನಮ್ಮ ಟೆಕ್ ಫೆಸ್ಟ್ ಕ್ವಿಜ್‌ನಲ್ಲಿ ಇದನ್ನೇ ಕೇಳಿ ತಪ್ಪು ಉತ್ತರಕ್ಕೆ ಅಂಕ ಕೊಟ್ಟಿದ್ದಕ್ಕೆ ಇವತ್ತೂ ನಮಗೆ ಸ್ವಲ್ಪ ಬೇಜಾರಿದೆ.

ಯುದ್ಧ ಮುಗಿಯಿತು. 1945ರಲ್ಲಿ ವಿಚ್ಛೇದನವೂ ಆಯ್ತು. ವಾಸರ್‌ನವರು ವಾಪಸ್ ಕರೆದರೂ ಹೋಗದೆ ಹಾರ್ವರ್ಡ್‌ನಲ್ಲೇ ಉಳಿದರು. ಆದರೆ ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ಕಾಯಂ ಹುದ್ದೆ ಸಿಗೋ ಹಾಗಿರಲಿಲ್ಲ, ಕಾಂಟ್ರಾಕ್ಟ್ ಮುಗಿದ ಮೇಲೆ ಜಾಗ ಖಾಲಿ ಮಾಡಬೇಕಿತ್ತು. ಆ ವರ್ಷಗಳಲ್ಲಿ ಗ್ರೇಸ್‌ಗೆ ಕುಡಿತ ಅಂಟಿಕೊಂಡಿತು. ಕುಡಿದು ಪೊಲೀಸರ ಕೈಗೆ ಸಿಕ್ಕಿದ್ದೂ ಆಯ್ತು. ಗೆಳೆಯ ಎಡ್ಮಂಡ್ ಬರ್ಕ್ಲಿ ಕಳಕಳಿಯಿಂದ ಪತ್ರ ಬರೆದು ಎಚ್ಚರಿಸಬೇಕಾಯ್ತು. ಸಾಧಕರ ಲೇಖನಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ. ನಮಗೆ ಬಿಡಬಾರದು ಅನ್ನಿಸಿತು, ಯಾಕಂದ್ರೆ ಕಂಪೈಲರ್ ಕೆಲಸ ಶುರುವಾದದ್ದು ಅವರ ಜೀವನದ ಒಳ್ಳೆ ದಿನಗಳಲ್ಲಿ ಅಲ್ಲ.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಎನಿಯಾಕ್ ಕಟ್ಟಿದ ಆ ಇಬ್ಬರೇ ಶುರು ಮಾಡಿದ ಸ್ಟಾರ್ಟಪ್ ಅನ್ನಿ. ಅವರು ಕಟ್ಟುತ್ತಿದ್ದ ಯಂತ್ರ ಯೂನಿವ್ಯಾಕ್. ದುಡ್ಡು ಮುಗಿದು 1950ರಲ್ಲಿ ಕಂಪನಿಯನ್ನು ರೆಮಿಂಗ್ಟನ್ ರ‍್ಯಾಂಡ್ ಕೊಂಡಿತು. ಅದು ಟೈಪ್‌ರೈಟರ್ ಮಾರೋ ಕಂಪನಿ. 1951ರಲ್ಲಿ ಮೊದಲ ಯೂನಿವ್ಯಾಕ್ ಅಮೆರಿಕದ ಜನಗಣತಿ ಇಲಾಖೆಗೆ ಹೋಯ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ಆಗ ಪ್ರೋಗ್ರಾಂ ಬರೆಯೋದು ಅಂದ್ರೆ ಯಂತ್ರದ ಸಂಕೇತಗಳನ್ನು ಒಂದೊಂದಾಗಿ ಬರೆಯೋದು. ಯೂನಿವ್ಯಾಕ್‌ಗೆ ಸಾವಿರ ಪದಗಳ ಮೆಮೊರಿ, ಅದರಲ್ಲಿ ಯಾವ ಮನೆಯಲ್ಲಿ ಏನಿದೆ ಅಂತ ನಾವೇ ಲೆಕ್ಕ ಇಟ್ಟುಕೊಳ್ಳಬೇಕು. ಸೈನ್ ಬೇಕಾ, ವರ್ಗಮೂಲ ಬೇಕಾ, ಮೊದಲೇ ಬರೆದು ಸರಿಯಾಗಿದ್ದ ತುಂಡನ್ನು ಗೆಳೆಯರ ನೋಟ್‌ಬುಕ್‌ನಿಂದ ನೋಡಿ ಬರೆದುಕೊಳ್ತಿದ್ದರು. ಆ ತುಂಡು ಸೊನ್ನೆಯಿಂದ ಶುರುವಾಗಿರುತ್ತೆ, ನಮ್ಮ ಪ್ರೋಗ್ರಾಂನಲ್ಲಿ ಅದು ಬೇರೆಲ್ಲೋ ಕೂರಬೇಕು, ಹಾಗಾಗಿ ಅದರೊಳಗಿನ ಪ್ರತಿ ವಿಳಾಸಕ್ಕೂ ಒಂದು ಸಂಖ್ಯೆ ಕೂಡಿಸಬೇಕು. ಗಣಿತದಲ್ಲಿ ಪಿಎಚ್‌ಡಿ ಮಾಡಿದವರು ಕೂಡ ಕೂಡೋದ್ರಲ್ಲಿ ತಪ್ಪುತ್ತಿದ್ದರು, ನೋಡಿ ಬರೆಯೋದ್ರಲ್ಲಿ ಇನ್ನೂ ಜಾಸ್ತಿ ತಪ್ಪುತ್ತಿದ್ದರು. ಖಾಲಿ ಜಾಗಕ್ಕೆ ಹಾಕ್ತಿದ್ದ ತ್ರಿಕೋನದ ಗುರುತು 4 ಆಗಿಬಿಡ್ತಿತ್ತು. ಬಿ ಅಕ್ಷರ 13 ಆಗ್ತಿತ್ತು. ಅಸೈನ್‌ಮೆಂಟ್ ಕಾಪಿ ಹೊಡೆಯುವಾಗ ಪಕ್ಕದವನ ಯುಎಸ್‌ಎನ್ ಸಮೇತ ಬರೆದ ನಮ್ಮ ಮಹಾನುಭಾವರು ನೆನಪಾಗ್ತಾರೆ.

ಗ್ರೇಸ್ ಸ್ವತಃ ಅನುಭವಿಸಿದ ಪಾಡು ಇನ್ನೊಂದು. ಕಂಪನಿಯ ಬೈನ್ಯಾಕ್ ಅನ್ನೋ ಯಂತ್ರಕ್ಕೆ ಪ್ರೋಗ್ರಾಂ ಬರೀಬೇಕಾಗಿದ್ದು ಎಂಟರ ಮೂಲಮಾನದಲ್ಲಿ, ಅಂದ್ರೆ ಆಕ್ಟಲ್. ಅದರಲ್ಲೇ ಕೂಡಿ ಕಳೆದು ಗುಣಿಸಿ ಎಷ್ಟು ಅಭ್ಯಾಸವಾಯ್ತು ಅಂದ್ರೆ, ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕ ತಾಳೆಯಾಗಲಿಲ್ಲ. ಬ್ಯಾಂಕ್‌ನಲ್ಲಿ ಕೆಲಸ ಮಾಡ್ತಿದ್ದ ತಮ್ಮ ಕೂತು ನೋಡಿದರೆ, ಅಕ್ಕ ಚೆಕ್‌ಬುಕ್‌ನಲ್ಲಿ ಅಲ್ಲಲ್ಲಿ ಆಕ್ಟಲ್‌ನಲ್ಲಿ ಕಳೆದಿದ್ದಾರೆ. ಮನುಷ್ಯರು ಯಂತ್ರದ ಭಾಷೆಗೆ ಬಗ್ಗೋದು ಯಾಕೆ, ಯಂತ್ರವೇ ಮನುಷ್ಯರ ಭಾಷೆಗೆ ಬರಲಿ ಅನ್ನೋ ಯೋಚನೆ ಅವರಲ್ಲಿ ಬೇರೂರಿದ್ದು ಇಂಥವುಗಳಿಂದ.

ಜೊತೆಯಲ್ಲಿ ಬೆಟ್ಟಿ ಹೋಲ್ಬರ್ಟನ್ ಇದ್ದರು, ಎನಿಯಾಕ್‌ನ ಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು. ಅವರು 1951ರಲ್ಲಿ ಒಂದು ಪ್ರೋಗ್ರಾಂ ಬರೆದರು. ಅದಕ್ಕೆ ಫೈಲ್‌ಗಳ ವಿವರ ಕೊಟ್ಟರೆ ಅದೇ ಕೂತು ಸಾರ್ಟಿಂಗ್ ಪ್ರೋಗ್ರಾಂ ಬರೆದು ಕೊಡ್ತಿತ್ತು. ಪ್ರೋಗ್ರಾಂ ಬರೆಯೋ ಪ್ರೋಗ್ರಾಂ! ಇದನ್ನು ನೋಡಿ ಗ್ರೇಸ್‌ಗೆ ಧೈರ್ಯ ಬಂತು. ಒಳ್ಳೆ ತುಂಡುಗಳನ್ನೆಲ್ಲ ಟೇಪ್ ಮೇಲೆ ಹಾಕಿ, ಪ್ರತಿಯೊಂದಕ್ಕೂ ಒಂದು ಕರೆಯುವ ಹೆಸರು ಕೊಟ್ಟರು. ಇಂತಿಂಥ ತುಂಡು ಬೇಕು ಅಂತ ಬರೆದುಕೊಟ್ಟರೆ ಯಂತ್ರವೇ ಟೇಪ್‌ನಿಂದ ಹುಡುಕಿ, ವಿಳಾಸಗಳನ್ನು ಕೂಡಿಸಿ, ಒಂದರ ಪಕ್ಕ ಒಂದು ಜೋಡಿಸಿ ಪೂರ್ತಿ ಪ್ರೋಗ್ರಾಂ ಕೊಡುತ್ತೆ. ಇದರ ಹೆಸರು ಎ-0. ಸಿಸ್ಟಮ್ ಸಾಫ್ಟ್‌ವೇರ್ ಓದಿದ ಸೀನಿಯರ್‌ಗಳು, ಇದು ಕಂಪೈಲರ್ ಅಲ್ಲ, ನಾವು ಈಗ ಲಿಂಕರ್ ಲೋಡರ್ ಅನ್ನೋದು ಅಂತ ತಕರಾರು ತೆಗೀತಾರೆ. ಸರಿಯೇ. ಆದರೆ ಕಂಪೈಲರ್ ಅನ್ನೋ ಹೆಸರು ಇಟ್ಟವರೇ ಅವರು, ಅವರ ಹತ್ತಿರ ಜಗಳ ಆಡೋದು ಹೇಗೆ?

ಒಂದು ಕಡೆ ಸಿಕ್ಕಿಹಾಕಿಕೊಂಡರು. ಪ್ರೋಗ್ರಾಂ ಮುಂದಿನ ಯಾವುದೋ ಜಾಗಕ್ಕೆ ಜಿಗಿಯಬೇಕು, ಆದರೆ ಆ ಜಾಗದ ವಿಳಾಸ ಇನ್ನೂ ಗೊತ್ತಿಲ್ಲ, ಜೋಡಣೆ ಅಲ್ಲಿವರೆಗೆ ಮುಟ್ಟಿಲ್ಲ. ಆಗ ನೆನಪಾಗಿದ್ದು ಕಾಲೇಜಿನಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್. ಅಂದಿನ ಹುಡುಗಿಯರ ಆಟದ ನಿಯಮದಲ್ಲಿ ಚೆಂಡು ಹಿಡಿದು ಹೆಚ್ಚು ದೂರ ಓಡೋ ಹಾಗಿಲ್ಲ. ಪಕ್ಕದವಳಿಗೆ ಪಾಸ್ ಕೊಟ್ಟು, ತಾನು ಮುಂದೆ ಓಡಿ, ಮತ್ತೆ ಚೆಂಡು ಪಡೀಬೇಕು. ಗ್ರೇಸ್ ಮೆಮೊರಿಯ ಕೊನೆಯಲ್ಲಿ ಒಂದು ಮೂಲೆ ಕಾದಿರಿಸಿದರು. ವಿಳಾಸ ಗೊತ್ತಿಲ್ಲದ ಜಿಗಿತಗಳೆಲ್ಲ ಮೊದಲು ಆ ಮೂಲೆಗೆ ಹೋಗಲಿ. ಜೋಡಣೆ ನಿಜವಾದ ಜಾಗ ಮುಟ್ಟಿದಾಗ ಆ ಮೂಲೆಯಿಂದ ಅಲ್ಲಿಗೆ ಇನ್ನೊಂದು ಜಿಗಿತ ಹಾಕಿದರಾಯ್ತು. ನಮ್ಮ ಕಾಲೇಜು ಟೀಮ್‌ನ ಹುಡುಗಿಯರಿಗೆ ಇದನ್ನು ಹೇಳಿದಾಗ ಅಟೆಂಡೆನ್ಸ್ ಕೊಡಿಸಿ ಸಾಕು ಅಂದರು.

1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಗ್ರೇಸ್ ಈ ಬಗ್ಗೆ ಪ್ರಬಂಧ ಮಂಡಿಸಿದರು. ಕಂಪ್ಯೂಟರ್‌ಗೇ ಶಿಕ್ಷಣ ಕೊಡೋದು ಅನ್ನೋ ಅರ್ಥದ ತಲೆಬರಹ. ಯಂತ್ರ ಕೂಲಿ ಕೆಲಸ ಮಾಡಲಿ, ಪ್ರೋಗ್ರಾಮರ್ ಮತ್ತೆ ಗಣಿತಜ್ಞ ಆಗಲಿ ಅನ್ನೋದು ಅದರ ಆಶಯ. ಕೇಳಿದವರು ನಂಬಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುತ್ತೆ ಅಷ್ಟೇ, ಪ್ರೋಗ್ರಾಂ ಬರೆಯೋಕೆ ಅದಕ್ಕೆ ಬರಲ್ಲ ಅಂದರು. ಕೆಲಸ ಮಾಡುವ ಕಂಪೈಲರ್ ಕೈಯಲ್ಲಿದ್ದರೂ ಅದನ್ನು ಮುಟ್ಟೋಕೆ ಜನ ಮುಂದೆ ಬರಲಿಲ್ಲ.

ಯಾಕೆ ಬರಲಿಲ್ಲ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಿದ್ವಿ. ಬೇಡ ಅಂದವರನ್ನು ದಡ್ಡರು ಅಂತ ತಳ್ಳಿಹಾಕೋದು ಸುಲಭ. ಆದರೆ ಅವರ ಕಾರಣಗಳಲ್ಲಿ ಅರ್ಥ ಇತ್ತು. ಯಂತ್ರದ ಒಂದೊಂದು ಗಂಟೆಯೂ ದುಬಾರಿ, ಕಂಪೈಲರ್ ಬರೆದ ಕೋಡ್ ಕೈಯಲ್ಲಿ ಬರೆದದ್ದಕ್ಕಿಂತ ನಿಧಾನ. ಸಾವಿರ ಪದದ ಮೆಮೊರಿಯಲ್ಲಿ ಒಂದು ಮನೆ ವ್ಯರ್ಥವಾದರೂ ಹೊಟ್ಟೆ ಉರಿಯುತ್ತೆ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳದ್ದು. ಇಡೀ ಕಂಪನಿಯಲ್ಲಿ ನಮಗೆ ಮಾತ್ರ ಗೊತ್ತಿರೋ ವಿದ್ಯೆ ನಾಳೆ ಎಲ್ಲರಿಗೂ ಬಂದುಬಿಟ್ಟರೆ ನಾವ್ಯಾರು? ಫೋರ್ಟ್ರಾನ್ ಮಾಡಿದ ಜಾನ್ ಬ್ಯಾಕಸ್ ಕೂಡ ಆ ಕಾಲದ ಪ್ರೋಗ್ರಾಮರ್‌ಗಳನ್ನು ಗುಟ್ಟು ಕಾಯುವ ಪೂಜಾರಿಗಳಿಗೆ ಹೋಲಿಸಿದ್ದಾರೆ.

ನಮ್ಮ ಕ್ಲಬ್ಬಿನ ಒಬ್ಬಳ ಅಪ್ಪ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋರು. ಕಂಪ್ಯೂಟರ್ ಬಂದ ಮೇಲೂ ಒಂದು ವರ್ಷ ಅವರು ಮನೆಯಲ್ಲಿ ರಾತ್ರಿ ಕೂತು ಅದೇ ಲೆಕ್ಕವನ್ನು ಲೆಡ್ಜರ್‌ನಲ್ಲೂ ಬರೀತಿದ್ದರಂತೆ. ಅವಳು ಯಾಕಪ್ಪಾ ಅಂತ ನಗ್ತಿದ್ದಳು. ತಪ್ಪು ಎಲ್ಲಿದೆ ಅಂತ ಪುಸ್ತಕದಲ್ಲಿ ನನಗೆ ವಾಸನೆ ಬರುತ್ತೆ, ಪರದೆ ಮೇಲೆ ಬರಲ್ಲ ಅಂದರಂತೆ ಅವರು. ಇದನ್ನು ಕೇಳಿದ ಮೇಲೆ ಫಿಲಡೆಲ್ಫಿಯಾದ ಆ ಪ್ರೋಗ್ರಾಮರ್‌ಗಳ ಮೇಲೆ ನಮಗಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಈಗ ಎಐ ಕೋಡ್ ಬರೆದು ಕೊಡುತ್ತೆ ಅಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಆಗೋ ಜಗಳದಲ್ಲೂ ಇದೇ ಎರಡು ಭಯ ಇದೆ: ಅದು ತಪ್ಪು ಮಾಡಿದರೆ ನಮಗೆ ಗೊತ್ತಾಗುತ್ತಾ, ತಪ್ಪು ಮಾಡದಿದ್ದರೆ ನಮಗೆ ಪ್ಲೇಸ್‌ಮೆಂಟ್ ಸಿಗುತ್ತಾ.

ಗ್ರೇಸ್ ಭಾಷಣದಿಂದ ಜನರನ್ನು ಒಪ್ಪಿಸಬಹುದು ಅಂತ ಕೂರಲಿಲ್ಲ. ಎ-0 ಆದಮೇಲೆ ಎ-1, 1953ರಲ್ಲಿ ಎ-2. ಈ ಎ-2ವನ್ನು ಯೂನಿವ್ಯಾಕ್ ಕೊಂಡಿದ್ದ ಗ್ರಾಹಕರಿಗೆ ಕೋಡ್ ಸಮೇತ ಕೊಟ್ಟರು. ಬಳಸಿ ನೋಡಿ, ತಪ್ಪಿದ್ದರೆ ಹೇಳಿ, ನೀವು ಉತ್ತಮ ಮಾಡಿದರೆ ನಮಗೂ ಕಳಿಸಿ ಅಂದರು. ಓಪನ್ ಸೋರ್ಸ್ ಅನ್ನೋ ಹೆಸರು ಹುಟ್ಟೋಕೆ ನಲವತ್ತಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು. ನಮಗೆ ಇಲ್ಲಿ ಹಿಡಿಸಿದ್ದು ಏನಂದ್ರೆ, ಬೇಡ ಅಂದವನ ಕೈಗೇ ಅದನ್ನು ಕೊಟ್ಟು ತಿದ್ದು ಅಂದರೆ ಅದು ಅವನದೂ ಆಗುತ್ತೆ. ತಾನು ತಿದ್ದಿದ ಮೇಲೆ ಅದನ್ನು ಕೆಟ್ಟದ್ದು ಅನ್ನೋಕೆ ಬಾಯಿ ಬರಲ್ಲವಲ್ಲ. ಹಾರ್ವರ್ಡ್‌ನ ನೆಲಮಾಳಿಗೆಯಲ್ಲಿ ನೋಟ್‌ಬುಕ್ ಬದಲಾಯಿಸಿಕೊಳ್ತಿದ್ದ ಅಭ್ಯಾಸವೇ ಇಲ್ಲಿ ದೊಡ್ಡದಾಗಿದೆ ಅಂತಲೂ ಅನ್ನಿಸುತ್ತೆ.

ಜನ ಯಂತ್ರದ ಮಾತನ್ನು ನಂಬದ ಕಾಲ ಅದು ಅನ್ನೋಕೆ ಇನ್ನೊಂದು ಘಟನೆ. 1952ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ, ಸಿಬಿಎಸ್ ಟೀವಿಯವರು ಯೂನಿವ್ಯಾಕ್‌ನಿಂದ ಫಲಿತಾಂಶ ಊಹಿಸೋ ಏರ್ಪಾಟು ಮಾಡಿದ್ದರು. ಸಂಜೆ ಬೇಗನೇ ಅದು ಐಸೆನ್‌ಹೋವರ್‌ಗೆ 438 ಮತ ಅಂದಿತು. ಪತ್ರಿಕೆಗಳೆಲ್ಲ ನಿಕಟ ಪೈಪೋಟಿ ಅಂದಿದ್ದರಿಂದ ಯಾರಿಗೂ ಇದನ್ನು ಹೇಳೋ ಧೈರ್ಯ ಬರಲಿಲ್ಲ, ತಡೆಹಿಡಿದರು. ನಿಜವಾದ ಎಣಿಕೆ ಬಂದಾಗ 442. ರಾತ್ರಿ ತಡವಾಗಿ ತಪ್ಪೊಪ್ಪಿಕೊಂಡರು.

ಗ್ರೇಸ್ ಅವರ ಮುಂದಿನ ಹೆಜ್ಜೆ ನಮ್ಮ ಪ್ರಕಾರ ಎಲ್ಲಕ್ಕಿಂತ ಜಾಣತನದ್ದು. ಪ್ರೋಗ್ರಾಮರ್‌ಗಳ ಜೊತೆ ಜಗ್ಗಾಡೋದು ಬಿಟ್ಟು, ಕಂಪ್ಯೂಟರ್‌ನಿಂದ ನಿಜವಾಗಿ ಕೆಲಸ ಆಗಬೇಕಾದವರ ಕಡೆ ತಿರುಗಿದರು. ಸಂಬಳ ಲೆಕ್ಕ ಹಾಕೋರು, ಗೋಡೌನಿನ ಸರಕು ಎಣಿಸೋರು, ಬಿಲ್ ಮಾಡೋರು. ಗಣಿತದವರಿಗೆ ಸಂಕೇತ ಇಷ್ಟ, ಇವರಿಗೆ ಸಂಕೇತ ಕಂಡರೆ ಆಗಲ್ಲ. ಇವರನ್ನು ಕೂರಿಸಿ ಬೀಜಗಣಿತ ಕಲಿಸೋ ಬದಲು ಅವರು ದಿನಾ ಆಡೋ ಮಾತನ್ನೇ ಯಂತ್ರಕ್ಕೆ ಕಲಿಸಿದರೆ? ಬೆಲೆಯನ್ನು ಪ್ರಮಾಣದಿಂದ ಗುಣಿಸು, ಇಂಥ ಫೈಲ್ ಓದು, ಹೋಲಿಸು, ಬರೆ, ನಿಲ್ಲಿಸು, ಇಂಥ ಇಂಗ್ಲಿಷ್ ಆಜ್ಞೆಗಳಲ್ಲೇ ಪ್ರೋಗ್ರಾಂ. ಗಣಿತಕ್ಕೆ ಪ್ರಬಂಧ ಬರೆಸ್ತಿದ್ದ ಟೀಚರ್ ಅಲ್ವಾ!

ಇದಕ್ಕೆ ದುಡ್ಡು ಬೇಕು. ಆಡಳಿತದವರನ್ನು ಒಪ್ಪಿಸೋಕೆ ಚಿಕ್ಕ ಮಾದರಿ ಕಟ್ಟಿ ತೋರಿಸಿದರು. ಇಂಗ್ಲಿಷ್‌ನಲ್ಲಿ ಬರೆದ ಪ್ರೋಗ್ರಾಂ ಓಡಿತು. ಉತ್ಸಾಹದಲ್ಲಿ ಅದೇ ಆಜ್ಞೆಗಳನ್ನು ಫ್ರೆಂಚ್‌ನಲ್ಲಿ, ಜರ್ಮನ್‌ನಲ್ಲಿ ಬರೆದರೂ ಯಂತ್ರ ಅದೇ ಕೆಲಸ ಮಾಡುತ್ತೆ ಅಂತ ತೋರಿಸಿದರು. ಯಂತ್ರಕ್ಕೆ ಪದಗಳ ಅರ್ಥ ಗೊತ್ತಿಲ್ಲ, ಅಕ್ಷರಗಳ ಗುರುತು ಅಷ್ಟೇ, ಯಾವ ಭಾಷೆಯಾದರೇನು ಅನ್ನೋದು ಅವರ ಉದ್ದೇಶ. ಎಲ್ಲಾ ಕೆಟ್ಟಿದ್ದು ಅಲ್ಲೇ. ಫಿಲಡೆಲ್ಫಿಯಾದಲ್ಲಿ ಕಟ್ಟಿದ ಅಮೆರಿಕದ ಕಂಪ್ಯೂಟರ್ ಫ್ರೆಂಚ್, ಜರ್ಮನ್ ಅರ್ಥ ಮಾಡಿಕೊಳ್ಳೋದು ಸಾಧ್ಯವೇ ಇಲ್ಲ ಅಂತ ದೊಡ್ಡವರು ಗಾಬರಿಯಾದರು. ಇಂಗ್ಲಿಷ್ ಒಂದೇ ಇಡ್ತೀವಿ ಅಂತ ಮಾತು ಕೊಟ್ಟು ಸಮಾಧಾನ ಮಾಡೋಕೆ ತಿಂಗಳುಗಳೇ ಹಿಡಿದವು. ಕನ್ನಡ ಕ್ಲಬ್ಬಿನವರಾಗಿ ನಮಗೆ ಇದನ್ನು ಓದಿ ನಗುವೂ ಬಂತು, ಇನ್ನೇನೋ ಕೂಡ ಅನ್ನಿಸಿತು. ಕನ್ನಡ ಮೀಡಿಯಂನಿಂದ ಬಂದ ನಮ್ಮ ಗೆಳೆಯರು ಮೊದಲ ಸೆಮ್‌ನಲ್ಲಿ ಲಾಜಿಕ್ ಗೊತ್ತಿದ್ದೂ ವೈವಾದಲ್ಲಿ ಬಾಯಿ ಕಟ್ಟಿ ನಿಂತದ್ದನ್ನು, ಇಂಗ್ಲಿಷ್ ಮೀಡಿಯಂನವರಾದ ನಾವು ಪಕ್ಕದಲ್ಲೇ ನಿಂತು ನೋಡಿದ್ದೀವಿ.

ಆ ಭಾಷೆಗೆ ಫ್ಲೋ-ಮ್ಯಾಟಿಕ್ ಅಂತ ಹೆಸರಾಯ್ತು. ಅಷ್ಟರಲ್ಲಿ 1957ಕ್ಕೆ ಐಬಿಎಂನಿಂದ ಫೋರ್ಟ್ರಾನ್ ಬಂತು, ಅದರ ಕೋಡ್ ಕೈಬರಹದ ಕೋಡ್‌ಗೆ ಹತ್ತಿರ ಹತ್ತಿರ ವೇಗವಾಗಿತ್ತು. ಕಂಪೈಲರ್ ನಿಧಾನ ಅನ್ನೋ ಬಾಯಿಗಳು ಮುಚ್ಚತೊಡಗಿದವು. ನಿಜ ಹೇಳಬೇಕಂದ್ರೆ ಆ ವಾದ ಗೆದ್ದದ್ದು ಗ್ರೇಸ್ ಅಲ್ಲ, ಬ್ಯಾಕಸ್ ತಂಡ. ಆದರೆ ಕಚೇರಿಗಳಿಗೆ ಕಂಪ್ಯೂಟರ್ ಒಗ್ಗಿಸಿದ್ದು ಗ್ರೇಸ್ ಹಿಡಿದ ದಾರಿ.

ಪ್ರತಿ ಕಂಪನಿಯ ಯಂತ್ರಕ್ಕೂ ಬೇರೆ ಬೇರೆ ಭಾಷೆಯಾದರೆ, ಯಂತ್ರ ಬದಲಾಯಿಸಿದಾಗೆಲ್ಲ ಸಿಬ್ಬಂದಿ ಮತ್ತೆ ಅಆಇಈಯಿಂದ ಕಲೀಬೇಕು. ಮೇರಿ ಹಾಸ್ ಅನ್ನೋ ಪ್ರೋಗ್ರಾಮರ್ ಎಲ್ಲರಿಗೂ ಒಂದೇ ಭಾಷೆ ಮಾಡೋಣ ಅಂದರು. 1959ರ ಮೇ 28 ಮತ್ತು 29ರಂದು ಪೆಂಟಗನ್‌ನಲ್ಲಿ ಕಂಪನಿಗಳು, ಸರ್ಕಾರದವರು ಸೇರಿ ಸುಮಾರು 40 ಜನರ ಸಭೆ. ಅಲ್ಲಿಂದ ಹುಟ್ಟಿದ್ದು ಕೋಬಾಲ್. ಗ್ರೇಸ್‌ರನ್ನು ಕೋಬಾಲ್‌ನ ತಾಯಿ ಅಂತಾರೆ. ಭಾಷೆಯನ್ನು ಬರೆದ ಸಮಿತಿಯಲ್ಲಿ ಅವರಿರಲಿಲ್ಲ, ಸಲಹೆಗಾರರಾಗಿದ್ದರು. ಆ ಸಮಿತಿಯಲ್ಲಿ ದುಡಿದ ಜೀನ್ ಸ್ಯಾಮೆಟ್ ಈ ಬಿರುದನ್ನು ಒಪ್ಪುತ್ತಿರಲಿಲ್ಲ. ಆದರೆ ಸಮಿತಿ ಎದುರಿಗಿಟ್ಟುಕೊಂಡ ಮುಖ್ಯ ಮಾದರಿ ಫ್ಲೋ-ಮ್ಯಾಟಿಕ್ ಅನ್ನೋದರಲ್ಲಿ ಅನುಮಾನ ಇಲ್ಲ. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಯಂತ್ರದ ಮೇಲೂ ಯೂನಿವ್ಯಾಕ್ 2ರ ಮೇಲೂ ಓಡಿತು. ಕೋಬಾಲ್ ಇಲ್ಲದ ಯಂತ್ರ ನಾವು ಕೊಳ್ಳಲ್ಲ ಅಂತ ಅಮೆರಿಕದ ರಕ್ಷಣಾ ಇಲಾಖೆ ಪಟ್ಟು ಹಿಡಿದ ಮೇಲೆ ಕಂಪನಿಗಳಿಗೆ ಬೇರೆ ದಾರಿ ಉಳಿಯಲಿಲ್ಲ. ಅಂದ್ರೆ ಪ್ರೀತಿಯಿಂದ ಒಪ್ಪಿಸಿದ್ದೂ ಇದೆ, ಕಿವಿ ಹಿಂಡಿ ಒಪ್ಪಿಸಿದ್ದೂ ಇದೆ. ಬ್ಯಾಂಕ್‌ಗಳಲ್ಲಿ ಇವತ್ತಿಗೂ ಆ ಭಾಷೆ ಓಡ್ತಿದೆ.

1966ರ ಕೊನೆಗೆ ವಯಸ್ಸಾಯ್ತು ಅಂತ ನೇವಿ ನಿವೃತ್ತಿ ಕೊಟ್ಟಿತು. 1967ರ ಆಗಸ್ಟ್‌ನಲ್ಲಿ ಆರು ತಿಂಗಳ ಮಟ್ಟಿಗೆ ವಾಪಸ್ ಬನ್ನಿ ಅಂತ ಅವರೇ ಕರೆದರು. ನೌಕಾಪಡೆಯ ಒಂದೊಂದು ಕಚೇರಿಯಲ್ಲಿ ಒಂದೊಂದು ಥರದ ಕೋಬಾಲ್, ಅದನ್ನು ಒಂದು ದಾರಿಗೆ ತರಬೇಕಿತ್ತು. ಆರು ತಿಂಗಳು ಹತ್ತೊಂಬತ್ತು ವರ್ಷವಾಯ್ತು. ಪೆಂಟಗನ್‌ನ ತಮ್ಮ ಕೋಣೆಯಲ್ಲಿ ಕಡಲ್ಗಳ್ಳರ ಬಾವುಟ ಇಟ್ಟುಕೊಂಡಿದ್ದರು. ಬೇಕಾದ ಮೇಜು ಕುರ್ಚಿಗಳನ್ನು ಅವರ ತಂಡ ರಾತ್ರಿ ಬೇರೆಯವರ ಆಫೀಸುಗಳಿಂದ ಎತ್ತಿಕೊಂಡು ಬಂದ ಕತೆಯನ್ನು ಖುಷಿಯಿಂದ ಹೇಳ್ತಿದ್ದರು. ಯಾವ ಕಂಪನಿಯ ಕಂಪೈಲರ್ ಸರಿಯಾಗಿದೆ ಅಂತ ಪರೀಕ್ಷಿಸೋ ಪ್ರೋಗ್ರಾಂಗಳನ್ನು ತಯಾರಿಸಿದರು. ದೊಡ್ಡ ಕಂಪ್ಯೂಟರ್ ಒಂದರ ಬದಲು ಚಿಕ್ಕವು ಹಲವನ್ನು ಜೋಡಿಸಿ ಅಂತ ಎಲ್ಲರಿಗಿಂತ ಮೊದಲೇ ಹೇಳ್ತಿದ್ದವರಲ್ಲಿ ಅವರೂ ಒಬ್ಬರು. ಒಂದು ಎತ್ತಿಗೆ ದಿಮ್ಮಿ ಎಳೆಯೋಕೆ ಆಗದಿದ್ದರೆ ಯಾರೂ ಅದಕ್ಕಿಂತ ದೊಡ್ಡ ಎತ್ತನ್ನು ಬೆಳೆಸೋಕೆ ಹೋಗಲ್ಲ, ಇನ್ನೊಂದು ಎತ್ತು ಕಟ್ತಾರೆ ಅನ್ನೋದು ಅವರು ಕೊಡ್ತಿದ್ದ ಉದಾಹರಣೆ. ಇದನ್ನು ನಮ್ಮೂರಿನ ಯಾವ ಅಜ್ಜನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನೇವಿಯಲ್ಲಿ ಅವರಿಗೆ ಎಲ್ಲಕ್ಕಿಂತ ಸಿಟ್ಟು ಬರಿಸ್ತಿದ್ದ ಉತ್ತರ, ಇದನ್ನು ಮೊದಲಿಂದ ಹೀಗೇ ಮಾಡ್ಕೊಂಡು ಬಂದಿದೀವಿ ಅನ್ನೋದು. ಅದಕ್ಕೇ ಗೋಡೆ ಮೇಲೆ ಹಿಂದಕ್ಕೆ ತಿರುಗೋ ಗಡಿಯಾರ ಹಾಕಿದ್ದರು. ಮುಳ್ಳುಗಳು ಎಡಕ್ಕೆ ಓಡಿದರೂ ಟೈಮ್ ಸರಿಯಾಗೇ ತೋರಿಸ್ತಿತ್ತು. ಬಂದವರು ಮೊದಲ ದಿನ ತಬ್ಬಿಬ್ಬು, ಕೆಲವು ದಿನದಲ್ಲಿ ಓದೋಕೆ ಕಲೀತಿದ್ದರು.

1983ರಲ್ಲಿ ಕಮಾಡೋರ್, 1985ರಲ್ಲಿ ಆ ಹುದ್ದೆಯ ಹೆಸರು ಬದಲಾಗಿ ರಿಯರ್ ಅಡ್ಮಿರಲ್. 1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ಬಾಸ್ಟನ್‌ನ ಯುಎಸ್‌ಎಸ್ ಕಾನ್ಸ್ಟಿಟ್ಯೂಷನ್ ಅನ್ನೋ ಹಳೇ ಹಡಗಿನ ಮೇಲೆ ನಿವೃತ್ತಿ ಸಮಾರಂಭ. ಸುಮ್ಮನೆ ಕೂರಲಿಲ್ಲ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಕೆಲಸಕ್ಕೆ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು. ನೌಕಾಪಡೆಯ ಒಂದು ಯುದ್ಧನೌಕೆಗೆ ಅವರ ಹೆಸರಿದೆ. ಕಂಪ್ಯೂಟಿಂಗ್‌ನಲ್ಲಿರೋ ಹೆಣ್ಣುಮಕ್ಕಳಿಗಾಗಿ ಅವರ ಹೆಸರಲ್ಲಿ ನಡೆಯೋ ಸಮ್ಮೇಳನ ನಮ್ಮ ಬೆಂಗಳೂರಿನಲ್ಲೂ ನಡೆದಿದೆ.

ಭಾಷಣಕ್ಕೆ ಹೋದಲ್ಲೆಲ್ಲ ಗ್ರೇಸ್ ಒಂದು ಕಟ್ಟು ಟೆಲಿಫೋನ್ ವೈರ್ ತುಂಡುಗಳನ್ನು ಒಯ್ಯುತ್ತಿದ್ದರು. ಒಂದೊಂದೂ 11.8 ಇಂಚು, ಅಂದ್ರೆ ನಮ್ಮ ಸ್ಕೇಲ್‌ನಷ್ಟು, ಸುಮಾರು 30 ಸೆಂಟಿಮೀಟರ್. ಒಂದು ನ್ಯಾನೊಸೆಕೆಂಡ್‌ನಲ್ಲಿ ಬೆಳಕು ಹೋಗೋ ದೂರ ಅದು. ಮೈಕ್ರೊಸೆಕೆಂಡ್ ತೋರಿಸೋಕೆ 984 ಅಡಿಯ ಸುರುಳಿಯನ್ನೇ ಎತ್ತಿ ಹಿಡೀತಿದ್ದರು. ಉಪಗ್ರಹದಿಂದ ಮೆಸೇಜ್ ಬರೋಕೆ ಯಾಕಿಷ್ಟು ಹೊತ್ತು ಅಂತ ಕೇಳಿದ ಅಡ್ಮಿರಲ್‌ಗಳ ಕೈಗೆ ಒಂದೊಂದು ತುಂಡು ಕೊಟ್ಟು, ಇಲ್ಲಿಂದ ಅಲ್ಲಿಗೆ ಇಂಥವು ಎಷ್ಟಿವೆ ನೀವೇ ನೋಡಿ ಅಂತಿದ್ದರು. ಕೇಳೋಕೆ ಬಂದವರೆಲ್ಲ ಒಂದೊಂದು ನ್ಯಾನೊಸೆಕೆಂಡ್ ಮನೆಗೆ ಒಯ್ಯುತ್ತಿದ್ದರು.

ಇದನ್ನು ಓದಿದ ದಿನ ನಾವು ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಿಂದ ಸ್ವಲ್ಪ ವೈರ್ ತಂದು ಅಳತೆ ಮಾಡಿ ಕತ್ತರಿಸಿದ್ವಿ. ಹನ್ನೆರಡು ತುಂಡಾದವು. ಒಂದು ಕ್ಲಬ್ ರೂಮಿನ ನೋಟಿಸ್ ಬೋರ್ಡ್‌ಗೆ ಪಿನ್ ಮಾಡಿದೀವಿ, ಒಂದು ಲೆಡ್ಜರ್ ಅಪ್ಪನಿಗೆ ಹೋಗಿದೆ, ಉಳಿದವು ಬೇಕಾದವರು ಬಂದು ತಗೊಂಡು ಹೋಗಿ. ಲ್ಯಾಬ್ ಸರ್ ಕೇಳಿದರೆ ನಮ್ಮ ಹೆಸರು ಹೇಳಬೇಡಿ.